ಧಾನ್ಯದ ಹಿಂದೆ ಹೋದ ರಾಜಧಾನಿಗಳು

ಚೀನಾದ ಪ್ರಾಚೀನ ರಾಜಧಾನಿಗಳನ್ನು ಎಣಿಸುವಾಗ ಅಲ್ಲಿನ ಇತಿಹಾಸಕಾರರು ಮೊದಲು ನಾಲ್ಕು ಊರುಗಳ ಹೆಸರು ಹೇಳುವುದು ರೂಢಿ: ಷಿಯಾನ್, ಲೋಯಾಂಗ್, ನಾನ್‌ಜಿಂಗ್ ಮತ್ತು ಬೀಜಿಂಗ್. ಆಮೇಲೆ ಕೈಫೆಂಗ್, ಹಾಂಗ್‌ಝೌ ಮತ್ತು ಅನ್ಯಾಂಗ್ ಸೇರಿ ಈ ಪಟ್ಟಿ ಏಳಾಯಿತು; 2004ರಲ್ಲಿ ಝೆಂಗ್‌ಝೌ ನಗರಕ್ಕೂ ಸ್ಥಾನ ದೊರೆತು ಎಂಟಾಯಿತು. ಎಂಟನ್ನೂ ಸಮಾಧಾನದಿಂದ ನೋಡಲು ಒಂದು ತಿಂಗಳೂ ಸಾಲದು. ಒಂಬತ್ತು ಹತ್ತು ದಿನಗಳ ರಜೆ ಹಾಕಿ ಹೊರಡುವವರಿಗೆ ಪ್ರವಾಸ ಸಂಸ್ಥೆಗಳು ಸಾಮಾನ್ಯವಾಗಿ ಬೀಜಿಂಗ್, ಷಿಯಾನ್ ಮತ್ತು ಶಾಂಘೈಗಳನ್ನು ವಿಮಾನದಲ್ಲಿ ಪೋಣಿಸಿ ಕೊಡುತ್ತವೆ. ಹೀಗೆ ಹಾರಿ ಹೋದವರಿಗೆ ಊರುಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ಹೊರತು, ಒಂದು ರಾಜಧಾನಿ ಅಳಿದು ಇನ್ನೊಂದು ಏಕೆ ಎದ್ದಿತು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಅದರ ಬದಲು ಹಳದಿ ನದಿಯ ಉದ್ದಕ್ಕೆ ಪಶ್ಚಿಮದಿಂದ ಪೂರ್ವಕ್ಕೆ ಷಿಯಾನ್, ಲೋಯಾಂಗ್, ಕೈಫೆಂಗ್‌ಗಳನ್ನು ರೈಲಿನಲ್ಲಿ ಹಾದು, ಅಲ್ಲಿಂದ ಉತ್ತರಕ್ಕೆ ತಿರುಗಿ ಅನ್ಯಾಂಗ್ ಮಾರ್ಗವಾಗಿ ಬೀಜಿಂಗ್ ತಲುಪುವ ದಾರಿಯನ್ನು ಹಿಡಿದರೆ, ಅಷ್ಟೇ ದಿನಗಳಲ್ಲಿ ಮೂರು ಸಾವಿರ ವರ್ಷಗಳ ಇತಿಹಾಸವು ಒಂದಕ್ಕೊಂದು ಹೊಂದಿಕೊಂಡು ಅರ್ಥವಾಗುತ್ತದೆ. ನಾನ್‌ಜಿಂಗ್ ಮತ್ತು ಹಾಂಗ್‌ಝೌಗಳು ದಕ್ಷಿಣದ ನಗರಗಳು. ಅವುಗಳನ್ನು ಇನ್ನೊಂದು ಪ್ರವಾಸಕ್ಕೆ ಉಳಿಸಿಕೊಳ್ಳುವುದು ವಿವೇಕ.

ಈ ದಾರಿಯ ಪಶ್ಚಿಮ ತುದಿಯಲ್ಲಿರುವ ಷಿಯಾನ್ ನಗರವು ಹಳದಿ ನದಿಯ ಅತಿ ದೊಡ್ಡ ಉಪನದಿಯಾದ ವೈ ನದಿಯ ಬಯಲಿನಲ್ಲಿದೆ. ಈ ಬಯಲಿಗೆ ಗುವಾನ್‌ಝೊಂಗ್, ಅಂದರೆ ಕಣಿವೆ ಬಾಗಿಲುಗಳ ಒಳಗಿನ ನಾಡು, ಎಂಬ ಹೆಸರಿದೆ. ದಕ್ಷಿಣಕ್ಕೆ ಚಿನ್‌ಲಿಂಗ್ ಪರ್ವತಶ್ರೇಣಿಯೂ ಪೂರ್ವಕ್ಕೆ ಹಾನ್‌ಗು ಎಂಬ ಇಕ್ಕಟ್ಟಾದ ಕಣಿವೆಯೂ ಇರುವುದರಿಂದ ಸ್ವಲ್ಪವೇ ಸೈನ್ಯದಿಂದ ಇದನ್ನು ಕಾಯಬಹುದಾಗಿತ್ತು. ಪಶ್ಚಿಮ ಝೌ, ಚಿನ್, ಹಾನ್, ಸುಯಿ ಮತ್ತು ಟಾಂಗ್ ವಂಶಗಳು ಇದೇ ಬಯಲಿನ ಬೇರೆ ಬೇರೆ ಜಾಗಗಳಲ್ಲಿ ರಾಜಧಾನಿ ಕಟ್ಟಿದ್ದಕ್ಕೆ ಮುಖ್ಯ ಕಾರಣ ಇದೇ. ಆದರೆ ರಕ್ಷಣೆ ಒದಗಿಸಿದ ನೆಲ ಊಟ ಒದಗಿಸಲಿಲ್ಲ. ಈಗಿನ ಷಿಯಾನ್ ಇರುವಲ್ಲೇ ಇದ್ದ ಟಾಂಗ್ ಕಾಲದ ರಾಜಧಾನಿ ಚಾಂಗಾನ್‌ನ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿತ್ತೆಂದು ವಿದ್ವಾಂಸರು ಅಂದಾಜಿಸುತ್ತಾರೆ. ಅಷ್ಟು ಜನರಿಗೆ ಬೇಕಾದ ಧಾನ್ಯ ಪೂರ್ವದ ಬಯಲುಗಳಿಂದ ದೋಣಿಗಳಲ್ಲಿ ಬರಬೇಕಾಗಿತ್ತು. ದಾರಿಯಲ್ಲಿ ಸಾನ್‌ಮೆನ್, ಅಂದರೆ ಮೂರು ಬಾಗಿಲು, ಎಂಬಲ್ಲಿ ನದಿಯು ಬಂಡೆಗಳ ನಡುವೆ ಸೀಳಿಕೊಂಡು ಧುಮ್ಮಿಕ್ಕುತ್ತಿದ್ದುದರಿಂದ ಎಷ್ಟೋ ದೋಣಿಗಳು ಅಲ್ಲೇ ಒಡೆದು ಮುಳುಗುತ್ತಿದ್ದವು. ಬರಗಾಲ ಬಂದಾಗ ಚಕ್ರವರ್ತಿಯೇ ಆಸ್ಥಾನ, ಅಂತಃಪುರ, ಅಧಿಕಾರಿಗಳ ಸಮೇತ ಧಾನ್ಯ ಸುಲಭವಾಗಿ ದೊರೆಯುತ್ತಿದ್ದ ಲೋಯಾಂಗ್‌ಗೆ ಹೋಗಿ ನೆಲೆಸುವುದು ಟಾಂಗ್ ಕಾಲದಲ್ಲಿ ಮತ್ತೆ ಮತ್ತೆ ನಡೆಯಿತು. ಎಂಟನೆಯ ಶತಮಾನದ ಆರಂಭದಲ್ಲಿ ಝೊಂಗ್‌ಜೊಂಗ್ ಎಂಬ ಚಕ್ರವರ್ತಿಗೆ ಮಂತ್ರಿಗಳು ಇಂಥದೇ ಸಲಹೆ ಕೊಟ್ಟಾಗ, ಕಾಳಿನ ಬೆನ್ನು ಹತ್ತಿ ಅಲೆಯುವ ದೊರೆ ತಾನಾಗಲಾರೆ ಎಂದು ಸಿಡುಕಿದನೆಂದು ಚೀನೀ ಚರಿತ್ರೆಗಳು ದಾಖಲಿಸಿವೆ. ದೊರೆ ಸಿಡುಕಿದರೂ ಇತಿಹಾಸ ಕಾಳಿನ ಕಡೆಗೇ ಸಾಗಿತು: ರಾಜಧಾನಿ ಮೊದಲು ಲೋಯಾಂಗ್‌ಗೆ, ಆಮೇಲೆ ಕಾಲುವೆಯ ದಡದ ಕೈಫೆಂಗ್‌ಗೆ ಸರಿಯಿತು. ಪ್ರವಾಸದ ದಿಕ್ಕನ್ನು ಪಶ್ಚಿಮದಿಂದ ಪೂರ್ವಕ್ಕೆ ಇಟ್ಟುಕೊಳ್ಳಬೇಕೆನ್ನುವುದು ಈ ಕಾರಣಕ್ಕೆ.

ಹೊರಡುವ ಮೊದಲು ಇನ್ನೊಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಚೀನಾದ ಅರಮನೆಗಳು ಮರದವು, ಕೋಟೆಗಳು ದಮ್ಮಸ್ಸು ಮಾಡಿದ ಮಣ್ಣಿನವು. ಕಲ್ಲನ್ನು ಅಲ್ಲಿನ ಶಿಲ್ಪಿಗಳು ಹೆಚ್ಚಾಗಿ ಗೋರಿ, ಸೇತುವೆ ಮತ್ತು ಗುಹೆಗಳಿಗೆ ಬಳಸಿದರು. ಮರವನ್ನು ಸುಡಬಹುದು, ಬಿಚ್ಚಿ ಬೇರೆಡೆಗೆ ಸಾಗಿಸಲೂಬಹುದು. 904ರಲ್ಲಿ ಝು ವೆನ್ ಎಂಬ ಸೇನಾಧಿಪತಿ ಟಾಂಗ್ ಚಕ್ರವರ್ತಿಯನ್ನು ಬಲವಂತದಿಂದ ಲೋಯಾಂಗ್‌ಗೆ ಕರೆದೊಯ್ದಾಗ, ಚಾಂಗಾನ್‌ನ ಅರಮನೆ ಮತ್ತು ಮನೆಗಳನ್ನು ಕೆಡವಿಸಿ ತೊಲೆಗಳನ್ನು ವೈ ನದಿಯಲ್ಲಿ ತೇಲಿಬಿಡಿಸಿದ. ಸುಮಾರು 84 ಚದರ ಕಿಲೋಮೀಟರ್ ಹರಡಿದ್ದ, 150 ಮೀಟರ್ ಅಗಲದ ರಾಜಬೀದಿಯಿದ್ದ, ತನ್ನ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ನಗರಗಳಲ್ಲಿ ಒಂದಾಗಿದ್ದ ಆ ಊರಿನಲ್ಲಿ ಈಗ ಕಣ್ಣಿಗೆ ಬೀಳುವಂತೆ ನಿಂತಿರುವುದು ಇಟ್ಟಿಗೆಯ ಎರಡು ಪಗೋಡಗಳು. ಹೀಗಾಗಿ ಪ್ರಾಚೀನ ಬೀದಿ ಎಂಬ ಫಲಕ ಹೊತ್ತ ತಾಣಗಳಲ್ಲಿ ಬಹುಪಾಲು ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಕಟ್ಟಿದವೇ ಆಗಿರುತ್ತವೆ. ನಿಜವಾದ ಹಳೆಯದನ್ನು ಬಯಸುವವರು ಗೋರಿ, ಗುಹೆ, ಪಗೋಡ, ಶಾಸನ ಮತ್ತು ವಸ್ತುಸಂಗ್ರಹಾಲಯಗಳನ್ನು ಆಧಾರವಾಗಿಟ್ಟುಕೊಂಡು ದಿನಚರಿ ಹಾಕಿಕೊಳ್ಳಬೇಕು. ಉಳಿದ ಅಲಂಕಾರಗಳನ್ನು ಸಂಜೆಯ ತಿರುಗಾಟಕ್ಕೆ ಬಿಡಬಹುದು.

ಷಿಯಾನ್‌ಗೆ ಮೂರು ದಿನ ಬೇಕು. ನಗರದ ಕೋಟೆ ಮಿಂಗ್ ವಂಶದ ಆರಂಭದ್ದು, ಅಂದರೆ 1370ರ ದಶಕದ್ದು. ಟಾಂಗ್ ಕಾಲದ ಊರಿನ ಒಂದು ಚಿಕ್ಕ ಭಾಗವನ್ನಷ್ಟೇ ಅದು ಸುತ್ತುವರಿದಿದೆ. ಆದರೂ 13.7 ಕಿಲೋಮೀಟರ್ ಸುತ್ತಳತೆಯ, ಎಲ್ಲಿಯೂ ತುಂಡಾಗದೆ ಸುತ್ತಿ ಬರುವ ಇಂಥ ಕೋಟೆಗೋಡೆ ಚೀನಾದಲ್ಲಿ ಅಪರೂಪ. ಮೇಲೆ ಬಾಡಿಗೆ ಸೈಕಲ್ ಹತ್ತಿ ಇಡೀ ಸುತ್ತು ಮುಗಿಸಬಹುದು. ಊರಿನಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದ ಲಿನ್‌ಟೊಂಗ್‌ನಲ್ಲಿರುವ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್‌ನ ಮಣ್ಣಿನ ಸೈನ್ಯಕ್ಕೆ ಒಂದು ಇಡೀ ದಿನ ಮೀಸಲಿಡಬೇಕು. 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕ ಈ ಸುಟ್ಟ ಮಣ್ಣಿನ ಪ್ರತಿಮೆಗಳ ಸಂಖ್ಯೆ ಸುಮಾರು ಎಂಟು ಸಾವಿರವೆಂದು ಅಂದಾಜು. ಅವುಗಳಲ್ಲಿ ಹೆಚ್ಚಿನವು ಇಂದಿಗೂ ನೆಲದಲ್ಲೇ ಇವೆ. ಜನ ನುಗ್ಗುವುದು 230 ಮೀಟರ್ ಉದ್ದದ ಮೊದಲನೆಯ ಗುಂಡಿಗೆ. ಅಲ್ಲಿ ಸೈನ್ಯದ ಒಟ್ಟು ಪ್ರಮಾಣ ಕಾಣುತ್ತದೆ, ಕೈಚಳಕ ಕಾಣುವುದಿಲ್ಲ. ಎರಡನೆಯ ಗುಂಡಿಯ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಮಂಡಿಯೂರಿ ಕುಳಿತ ಬಿಲ್ಲುಗಾರನ ಹಿಂಬದಿಗೆ ಹೋಗಿ ಬಗ್ಗಿ ನೋಡಿದರೆ ಅವನ ಪಾದರಕ್ಷೆಯ ಅಟ್ಟೆ ಕಾಣಿಸುತ್ತದೆ: ಹೆಬ್ಬೆರಳ ಕಡೆ ಮತ್ತು ಹಿಮ್ಮಡಿಯಲ್ಲಿ ಹೊಲಿಗೆಯ ಚುಕ್ಕೆಗಳು ಒತ್ತಾಗಿವೆ, ನಡುವೆ ವಿರಳವಾಗಿವೆ, ಸವೆಯುವ ಕಡೆ ಗಟ್ಟಿ ಹೊಲಿಗೆ ಹಾಕುವ ಮೋಚಿಯ ಲೆಕ್ಕ ಎರಡು ಸಾವಿರದ ಇನ್ನೂರು ವರ್ಷ ಹಿಂದಿನ ಕುಂಬಾರನಿಗೂ ಗೊತ್ತಿತ್ತು. ಈ ಸೈನಿಕರಿಗೆಲ್ಲ ಮೊದಲು ಕೆಂಪು, ಹಸಿರು, ನೇರಳೆ ಬಣ್ಣಗಳಿದ್ದವು. ಮಣ್ಣಿನಿಂದ ಹೊರಬಂದ ಕೆಲವೇ ನಿಮಿಷಗಳಲ್ಲಿ ಬಣ್ಣದಡಿಯ ಅರಗಿನ ಲೇಪ ಒಣಗಿ ಸುರುಳಿ ಸುತ್ತಿ ಉದುರುವುದರಿಂದ ಉತ್ಖನನವನ್ನು ಬೇಕೆಂದೇ ನಿಧಾನಗೊಳಿಸಲಾಗಿದೆ. ಚಕ್ರವರ್ತಿಯ ಗೋರಿಯನ್ನಂತೂ ತೆರೆದೇ ಇಲ್ಲ. ಅದರೊಳಗೆ ಪಾದರಸದ ನದಿಗಳನ್ನು ಹರಿಸಿದ್ದರೆಂದು ಹಾನ್ ಕಾಲದ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದ. ದಿಬ್ಬದ ಮಣ್ಣಿನ ಪರೀಕ್ಷೆಗಳಲ್ಲಿ ಪಾದರಸದ ಅಂಶ ಸಹಜಕ್ಕಿಂತ ಹೆಚ್ಚಾಗಿಯೇ ಕಂಡುಬಂದಿದೆ.

ನಗರದ ದಕ್ಷಿಣ ಭಾಗದ ದೊಡ್ಡ ಕಾಡುಬಾತು ಪಗೋಡಕ್ಕೆ ಕನ್ನಡಿಗರು ಹೋಗದೆ ಬರಬಾರದು. ಪಠ್ಯಪುಸ್ತಕಗಳಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಪರಿಚಿತನಾದ ಬೌದ್ಧ ಭಿಕ್ಷು ಷುವಾನ್‌ಜಾಂಗ್ ಭಾರತದಿಂದ 645ರಲ್ಲಿ ಹಿಂತಿರುಗಿದಾಗ ತಂದ 657 ಸಂಸ್ಕೃತ ಗ್ರಂಥಗಳನ್ನೂ ಮೂರ್ತಿಗಳನ್ನೂ ಬೆಂಕಿಯಿಂದ ಕಾಪಾಡಲು 652ರಲ್ಲಿ ಕಟ್ಟಿಸಿದ ಗೋಪುರ ಇದು. ಈಗಿನ ಏಳು ಅಂತಸ್ತಿನ, 64 ಮೀಟರ್ ಎತ್ತರದ ರೂಪ ಎಂಟನೆಯ ಶತಮಾನದ ಆರಂಭದ ಪುನರ್ನಿರ್ಮಾಣದಿಂದ ಬಂದಿದೆ. ಅದರ ಪಕ್ಕದ ವಿಹಾರದಲ್ಲಿ ಕುಳಿತು ಅವನು ಆ ಗ್ರಂಥಗಳಲ್ಲಿ ಕೆಲವನ್ನು ಅನುವಾದಿಸಿದ. ಅದಕ್ಕೂ ಮೊದಲು ಚಕ್ರವರ್ತಿಗಾಗಿ 646ರಲ್ಲಿ ಅವನು ಮುಗಿಸಿದ ಪಶ್ಚಿಮ ದೇಶಗಳ ವೃತ್ತಾಂತದಲ್ಲಿ ಮಹಾರಾಷ್ಟ್ರವೆಂದು ಕರೆದ ದೇಶದ ದೊರೆ ಪುಲಕೇಶಿಯ ವರ್ಣನೆ ಬರುತ್ತದೆ. ಅವನ ಯೋಧರ ಹಟ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ಪದ್ಧತಿ, ಹರ್ಷನೂ ಆ ನಾಡನ್ನು ಗೆಲ್ಲಲಾಗದೆ ಹೋದದ್ದು, ಎಲ್ಲವನ್ನೂ ಆತ ಗುರುತಿಸಿದ್ದಾನೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ತನ್ನ ದೊರೆಯ ಬಗ್ಗೆ ಹೇಳಿಕೊಂಡ ಗೆಲುವಿಗೆ, ಆಸ್ಥಾನದ ಋಣವಿಲ್ಲದ ಹೊರಗಿನವನೊಬ್ಬನ ಸಾಕ್ಷ್ಯ ಹೀಗೆ ಚಾಂಗಾನ್‌ನಲ್ಲಿ ಬರೆಯಲ್ಪಟ್ಟಿತು. ಪಗೋಡದ ದಕ್ಷಿಣ ಬಾಗಿಲಿನ ಎಡಬಲದ ಗೂಡುಗಳಲ್ಲಿ 653ರ ಎರಡು ಕಪ್ಪು ಶಿಲಾಫಲಕಗಳಿವೆ. ಷುವಾನ್‌ಜಾಂಗ್‌ನ ಅನುವಾದಗಳಿಗೆ ತಾಯ್‌ಜೊಂಗ್ ಚಕ್ರವರ್ತಿಯೂ ಅವನ ಮಗ ಗಾವ್‌ಜೊಂಗನೂ ಬರೆದ ಮುನ್ನುಡಿಗಳನ್ನು ಚು ಸುಯ್‌ಲಿಯಾಂಗ್ ಎಂಬ ಹೆಸರಾಂತ ಲಿಪಿಕಾರ ಅವುಗಳಲ್ಲಿ ಬರೆದಿದ್ದಾನೆ. ಸಂಜೆಯ ಸಂಗೀತ ಕಾರಂಜಿಗೆ ಸೇರುವ ಸಾವಿರಾರು ಜನರಲ್ಲಿ ಈ ಬಾಗಿಲ ಬಳಿ ನಿಲ್ಲುವವರು ಕಡಿಮೆ.

ಶಾಸನಗಳಲ್ಲಿ ಆಸಕ್ತಿ ಇರುವವರು ಕೋಟೆಯ ದಕ್ಷಿಣ ಬಾಗಿಲ ಸಮೀಪದ ಬೇಯ್‌ಲಿನ್, ಅಂದರೆ ಶಿಲಾಶಾಸನಗಳ ವನ, ಎಂಬ ಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಬೇಕು. ಕನ್ಫ್ಯೂಶಿಯಸ್ ಪರಂಪರೆಯ ಗ್ರಂಥಗಳಲ್ಲಿ ಪಾಠಾಂತರ ನುಸುಳದಿರಲೆಂದು 837ರಲ್ಲಿ 114 ಬೃಹತ್ ಫಲಕಗಳ ಮೇಲೆ ಕೊರೆದಿಟ್ಟ ಕಲ್ಲಿನ ಗ್ರಂಥಾಲಯವೂ, ಸಿರಿಯಾಕ್ ಪರಂಪರೆಯ ಕ್ರೈಸ್ತರು ಚೀನಾಕ್ಕೆ ಬಂದ ಕಥೆಯನ್ನು ಚೀನೀ ಮತ್ತು ಸಿರಿಯಾಕ್ ಲಿಪಿಗಳಲ್ಲಿ ಹೇಳುವ 781ರ ಶಾಸನವೂ ಅಲ್ಲಿವೆ. ಶಾನ್‌ಷಿ ಇತಿಹಾಸ ಸಂಗ್ರಹಾಲಯವನ್ನು ಬಿಡುವಂತಿಲ್ಲ. ಅದರ ಚೀಟಿ ಸಿಗುವುದು ಕಷ್ಟವೆಂಬುದನ್ನು ಮುಂದೆ ಹೇಳಬೇಕಾಗುತ್ತದೆ.

ಷಿಯಾನ್‌ನಿಂದ ಲೋಯಾಂಗ್‌ಗೆ ಅತಿವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಪ್ರಯಾಣ. 2010ರಲ್ಲಿ ಆರಂಭವಾದ ಈ ಮಾರ್ಗ ಹಾದುಹೋಗುವುದು ಹಾನ್‌ಗು ಕಣಿವೆ ಮತ್ತು ಸಾನ್‌ಮೆನ್‌ಗಳ ಪ್ರದೇಶವನ್ನೇ. ಶತಮಾನಗಳ ಕಾಲ ಸೈನ್ಯಗಳನ್ನು ತಡೆದ, ದೋಣಿಗಳನ್ನು ಮುಳುಗಿಸಿದ ಆ ಭೂಭಾಗ ಈಗ ಸುರಂಗಗಳ ನಡುವೆ ಮಿಂಚಿ ಮರೆಯಾಗುತ್ತದೆ. ಸಾನ್‌ಮೆನ್‌ನ ಬಂಡೆಗಳ ಮೇಲೆ 1960ರ ಹೊತ್ತಿಗೆ ಅಣೆಕಟ್ಟು ಎದ್ದಿತು; ಅದರಲ್ಲಿ ಹೂಳು ತುಂಬಿ ಹಿಂದಿನ ವೈ ನದಿಯ ಪಾತ್ರವೇ ಮೇಲೇರಿ ಪ್ರವಾಹಕ್ಕೆ ಕಾರಣವಾದದ್ದು ಚೀನಾದ ಎಂಜಿನಿಯರಿಂಗ್ ಚರಿತ್ರೆಯ ಕಹಿ ಅಧ್ಯಾಯಗಳಲ್ಲಿ ಒಂದು.

ಲೋಯಾಂಗ್ ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲದ ಊರು, ಆದರೆ ಈ ಪ್ರವಾಸದ ಹೃದಯಭಾಗ ಅದೇ. ಕ್ರಿ.ಪೂ. 770ರಲ್ಲಿ ಪೂರ್ವ ಝೌ ವಂಶ, ಕ್ರಿ.ಶ. 25ರಲ್ಲಿ ಪೂರ್ವ ಹಾನ್ ವಂಶ, ಆಮೇಲೆ ವೈ ಮತ್ತು ಜಿನ್, ಐದನೆಯ ಶತಮಾನದ ಕೊನೆಯಲ್ಲಿ ಉತ್ತರ ವೈ, 605ರಲ್ಲಿ ಸುಯಿ ಚಕ್ರವರ್ತಿ ಯಾಂಗ್, 690ರಲ್ಲಿ ಚೀನಾವನ್ನು ತನ್ನ ಹೆಸರಿನಲ್ಲೇ ಆಳಿದ ಏಕೈಕ ಮಹಿಳೆ ವು ಝೆಟಿಯೆನ್, ಹೀಗೆ ಒಬ್ಬರ ನಂತರ ಒಬ್ಬರು ಇಲ್ಲಿಗೆ ಬಂದರು. ಬಂದವರೆಲ್ಲ ಒಂದೇ ಜಾಗದಲ್ಲಿ ಕಟ್ಟದಿದ್ದರಿಂದ ಹಳೆಯ ನಗರಗಳ ಅವಶೇಷಗಳು ಜೋಳ ಮತ್ತು ಗೋಧಿ ಹೊಲಗಳ ಅಡಿಯಲ್ಲಿ ಮೂವತ್ತು ಕಿಲೋಮೀಟರ್ ಉದ್ದಕ್ಕೆ ಹರಡಿವೆ. ಊರ ನಡುವೆ ಬಂಗಾರದ ಬಣ್ಣದಲ್ಲಿ ಹೊಳೆಯುವ ವು ಝೆಟಿಯೆನ್ ಕಾಲದ ಸಭಾಭವನ ಮತ್ತು ಗೋಪುರ ಈ ಶತಮಾನದ ಕಟ್ಟಡಗಳು. ಆದರೆ ಅವುಗಳ ಒಳನೆಲದಲ್ಲಿ ಹಳೆಯ ಕಟ್ಟಡದ ಅಡಿಪಾಯವನ್ನು ಕಾಪಾಡಿದ್ದಾರೆ, ಮೇಲೆ ನೋಡುವುದಕ್ಕಿಂತ ಕೆಳಗೆ ನೋಡುವುದು ಲಾಭ.

ಧಾನ್ಯದ ಕಥೆ ಕಣ್ಣಿಗೆ ಕಾಣುವುದೂ ಲೋಯಾಂಗ್‌ನಲ್ಲೇ. ಸುಯಿ ಚಕ್ರವರ್ತಿ ಯಾಂಗ್ ತೋಡಿಸಿದ, 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮಹಾಕಾಲುವೆಯು ದಕ್ಷಿಣದ ಅಕ್ಕಿಯನ್ನು ಇಲ್ಲಿಗೆ ತರುತ್ತಿತ್ತು. ತಂದದ್ದನ್ನು ಹಾನ್‌ಜಿಯಾ ಎಂಬ ಸರ್ಕಾರಿ ಉಗ್ರಾಣದಲ್ಲಿ ನೆಲದೊಳಗೆ ತುಂಬಿಡುತ್ತಿದ್ದರು. ಉತ್ತರ ಕರ್ನಾಟಕದ ಹಗೇವುಗಳನ್ನು ಬಲ್ಲವರಿಗೆ ಈ ಉಪಾಯ ಹೊಸದೇನಲ್ಲ. ಇಲ್ಲಿನ ವಿನ್ಯಾಸ ಹೀಗೆ: ಬಾಯಿ ಅಗಲ, ತಳ ಕಿರಿದಾದ ಆಳವಾದ ಗುಂಡಿ, ಒಳಗೋಡೆಯನ್ನು ಬೆಂಕಿಯಿಂದ ಸುಟ್ಟು ತೇವ ತೆಗೆಯುವುದು, ತಳಕ್ಕೆ ಹಲಗೆ, ಹುಲ್ಲು, ಚಾಪೆ ಹಾಸುವುದು, ಮೇಲೆ ಮಣ್ಣಿನಿಂದ ಮುಚ್ಚುವುದು. ದೊಡ್ಡ ವ್ಯತ್ಯಾಸ ಪ್ರಮಾಣದಲ್ಲಿದೆ, ಇಲ್ಲಿ ಇಂಥ ಗುಂಡಿಗಳು ನೂರಾರು ಇದ್ದವು. 1970ರ ಆಸುಪಾಸಿನ ಉತ್ಖನನದಲ್ಲಿ ಒಂದು ಗುಂಡಿಯ ಧಾನ್ಯ ಕರಿಕಾಗಿ ಹಾಗೆಯೇ ಉಳಿದಿದ್ದುದು ಕಂಡುಬಂತು. ಗುಂಡಿಗಳಲ್ಲಿ ಸಿಕ್ಕ ಇಟ್ಟಿಗೆಗಳ ಮೇಲೆ ಧಾನ್ಯ ಯಾವ ಸೀಮೆಯಿಂದ ಬಂತು, ಎಷ್ಟು ಬಂತು, ಯಾವ ದಿನ ತುಂಬಿದರು, ಹೊಣೆ ಹೊತ್ತ ಅಧಿಕಾರಿಗಳು ಯಾರು ಎಂಬ ವಿವರವೆಲ್ಲ ಕೊರೆದಿದೆ. ಅರಮನೆಯ ಭಿತ್ತಿಚಿತ್ರಕ್ಕಿಂತ ಈ ಇಟ್ಟಿಗೆಗಳೇ ಟಾಂಗ್ ಸಾಮ್ರಾಜ್ಯ ನಡೆಯುತ್ತಿದ್ದ ಬಗೆಯನ್ನು ಚೆನ್ನಾಗಿ ಹೇಳುತ್ತವೆ.

ಊರಿನ ದಕ್ಷಿಣಕ್ಕೆ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಯಿ ನದಿ ಎರಡು ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಹರಿಯುವಲ್ಲಿ ಲಾಂಗ್‌ಮೆನ್ ಗುಹೆಗಳಿವೆ. ಉತ್ತರ ವೈ ವಂಶ ರಾಜಧಾನಿಯನ್ನು ಈಗಿನ ದಾತೊಂಗ್‌ನಿಂದ ಲೋಯಾಂಗ್‌ಗೆ ತಂದ ಕಾಲದಲ್ಲಿ ಕೆತ್ತನೆ ಆರಂಭವಾಗಿ ಟಾಂಗ್ ಕಾಲದವರೆಗೆ ಸಾಗಿತು. ಗುಹೆ ಮತ್ತು ಗೂಡುಗಳು ಸೇರಿ 2,300ಕ್ಕೂ ಹೆಚ್ಚು, ಮೂರ್ತಿಗಳು ಸುಮಾರು ಒಂದು ಲಕ್ಷ. ಫೆಂಗ್‌ಷಿಯಾನ್ ಗುಹೆಯ 17 ಮೀಟರ್ ಎತ್ತರದ ವೈರೋಚನ ಬುದ್ಧನಿಗಾಗಿ, ಆಗ ಮಹಾರಾಣಿಯಾಗಿದ್ದ ವು ಝೆಟಿಯೆನ್ 672ರಲ್ಲಿ ತನ್ನ ಶೃಂಗಾರದ ಖರ್ಚಿನಿಂದ ಇಪ್ಪತ್ತು ಸಾವಿರ ಸರ ನಾಣ್ಯಗಳನ್ನು ಕೊಟ್ಟಳೆಂದು ಪೀಠದ ಶಾಸನ ತಿಳಿಸುತ್ತದೆ. ನಡುವೆ ತೂತಿರುವ ನಾಣ್ಯಗಳನ್ನು ದಾರದಲ್ಲಿ ಪೋಣಿಸಿ ಎಣಿಸುತ್ತಿದ್ದ ಕಾಲ ಅದು. ಆ ಬುದ್ಧನ ಮುಖ ಅವಳದೇ ಎಂದು ಮಾರ್ಗದರ್ಶಿಗಳು ಹೇಳುವುದು ಜನಪ್ರಿಯ ಕಥೆ, ಅದಕ್ಕೆ ಆಧಾರವಿಲ್ಲ. ಬಿನ್‌ಯಾಂಗ್ ನಡುಗುಹೆಯ ಮುಂಗೋಡೆಯಲ್ಲಿ ಬರಿದಾದ ಗಾಯದಂಥ ಜಾಗಗಳಿವೆ: ಚಕ್ರವರ್ತಿ ಮತ್ತು ಮಹಾರಾಣಿಯರ ಮೆರವಣಿಗೆಯನ್ನು ತೋರಿಸುವ ಉಬ್ಬುಶಿಲ್ಪಗಳನ್ನು 1930ರ ದಶಕದಲ್ಲಿ ಕಳ್ಳರು ತುಂಡು ತುಂಡಾಗಿ ಕಿತ್ತು ಮಾರಿದರು, ಒಂದು ನ್ಯೂಯಾರ್ಕ್‌ನಲ್ಲಿದೆ, ಇನ್ನೊಂದು ಕಾನ್ಸಾಸ್ ಸಿಟಿಯಲ್ಲಿದೆ. ಮುಖ್ಯ ಗುಹೆಗಳಿರುವ ಪಶ್ಚಿಮದ ಬೆಟ್ಟ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲಲ್ಲೇ ಹೋಗಬೇಕು, ನಂತರ ಸೇತುವೆ ದಾಟಿ ಎದುರು ದಡದಿಂದ ಇಡೀ ಬಂಡೆಯನ್ನು ಒಮ್ಮೆ ನೋಡಬೇಕು.

ಉಳಿದ ದಿನದಲ್ಲಿ ಪೂರ್ವದ ಕಡೆಯ ಶ್ವೇತಾಶ್ವ ದೇವಾಲಯವನ್ನು ನೋಡಬಹುದು. ಕ್ರಿ.ಶ. 68ರಲ್ಲಿ ಕಾಶ್ಯಪ ಮಾತಂಗ ಮತ್ತು ಧರ್ಮರತ್ನ ಎಂಬ ಭಿಕ್ಷುಗಳು ಬಿಳಿ ಕುದುರೆಯ ಮೇಲೆ ಗ್ರಂಥಗಳನ್ನು ಹೇರಿಕೊಂಡು ಬಂದು ನೆಲೆಸಿದರೆಂಬ ಐತಿಹ್ಯವಿರುವ ಈ ವಿಹಾರವನ್ನು ಚೀನಾದ ಮೊದಲ ಬೌದ್ಧ ದೇವಾಲಯವೆಂದು ಗೌರವಿಸುತ್ತಾರೆ. ಅದರ ಆವರಣದಲ್ಲಿ ಸಾಂಚಿ ಸ್ತೂಪದ ಮಾದರಿಯಲ್ಲಿ ಭಾರತ ಕಟ್ಟಿಸಿಕೊಟ್ಟ ದೇವಾಲಯವನ್ನು 2010ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದರು. ಷುವಾನ್‌ಜಾಂಗ್ ಹುಟ್ಟಿದ ಊರೂ ಲೋಯಾಂಗ್‌ನ ಪೂರ್ವಕ್ಕಿರುವ ಯಾನ್‌ಷಿ ಸೀಮೆಯಲ್ಲೇ ಇದೆ.

ಕೈಫೆಂಗ್‌ಗೆ ಒಂದು ದಿನ ಸಾಕು, ಆದರೆ ಆ ದಿನಕ್ಕೆ ಸ್ವಲ್ಪ ಕಲ್ಪನಾಶಕ್ತಿ ಬೇಕು. 960ರಿಂದ 1127ರವರೆಗೆ ಉತ್ತರ ಸೊಂಗ್ ವಂಶದ ರಾಜಧಾನಿಯಾಗಿದ್ದ ಈ ಊರಿಗೆ ಬೆಟ್ಟದ ಆಸರೆಯಿಲ್ಲ, ಕಣಿವೆಯ ಬಾಗಿಲಿಲ್ಲ. ಇದ್ದದ್ದು ಬಿಯೆನ್ ಕಾಲುವೆ ಮತ್ತು ಅದರಲ್ಲಿ ಬರುವ ಅಕ್ಕಿ. ಚಾಂಗಾನ್‌ನಲ್ಲಿ ಗೋಡೆ ಕಟ್ಟಿದ ಕೇರಿಗಳೂ ರಾತ್ರಿಯ ನಿಷೇಧಾಜ್ಞೆಯೂ ಇದ್ದವು. ಕೈಫೆಂಗ್‌ನಲ್ಲಿ ಅಂಗಡಿಗಳು ಬೀದಿಗೆ ಬಾಗಿಲು ತೆರೆದವು, ರಾತ್ರಿಯ ಸಂತೆ ಶುರುವಾಯಿತು. ಝಾಂಗ್ ಝೆದುವಾನ್ ಚಿತ್ರಿಸಿದ ಚಿಂಗ್‌ಮಿಂಗ್ ಹಬ್ಬದ ನದೀತೀರದ ಐದು ಮೀಟರಿಗೂ ಉದ್ದವಾದ ಸುರುಳಿ ಚಿತ್ರದಲ್ಲಿ ಆ ಊರಿನ ಹೋಟೆಲು, ಒಂಟೆ, ಕಮಾನು ಸೇತುವೆಯ ಕೆಳಗೆ ಸಿಕ್ಕಿಬಿದ್ದಂತಿರುವ ದೋಣಿ, ಕೂಗಾಡುವ ಜನ, ಎಲ್ಲವೂ ಇವೆ. ಮೂಲ ಚಿತ್ರ ಬೀಜಿಂಗ್‌ನ ಅರಮನೆ ಸಂಗ್ರಹಾಲಯದಲ್ಲಿದೆ. ಅದೇ ಚಿತ್ರವನ್ನು ಅನುಕರಿಸಿ 1998ರಲ್ಲಿ ತೆರೆದ ಉದ್ಯಾನಕ್ಕೆ ಜನ ಮುಗಿಬೀಳುತ್ತಾರೆ. ಸಮಯ ಕಡಿಮೆ ಇರುವವರು ಅದನ್ನು ಧಾರಾಳವಾಗಿ ಬಿಡಬಹುದು.

ನಿಜವಾದ ಕೈಫೆಂಗ್ ನೆಲದ ಕೆಳಗಿದೆ. ಹಳದಿ ನದಿ ತನ್ನ ಹೂಳಿನ ಮೇಲೆಯೇ ಎದ್ದು ಈಗ ಊರಿನ ನೆಲಕ್ಕಿಂತ ಎತ್ತರದಲ್ಲಿ, ಒಡ್ಡುಗಳ ನಡುವೆ ಹರಿಯುತ್ತದೆ. ಒಡ್ಡು ಒಡೆದಾಗಲೆಲ್ಲ ಊರು ಹೂಳಿನಲ್ಲಿ ಮುಚ್ಚಿಹೋಗಿ, ಅದರ ಮೇಲೆ ಮತ್ತೆ ಊರು ಕಟ್ಟಿದ್ದರಿಂದ ಕ್ರಿ.ಪೂ. ನಾಲ್ಕನೆಯ ಶತಮಾನದಿಂದ ಚಿಂಗ್ ಕಾಲದವರೆಗಿನ ಆರು ನಗರಗಳು ಒಂದರ ಮೇಲೊಂದು ಹೂತಿವೆ. 1642ರಲ್ಲಿ ಬಂಡಾಯಗಾರ ಲಿ ಜಿಚೆಂಗ್‌ನ ಮುತ್ತಿಗೆಯ ನಡುವೆ ಒಡ್ಡುಗಳನ್ನು ಮನುಷ್ಯರೇ ಒಡೆದರು. ಊರಿನ ಲಕ್ಷಾಂತರ ಜನ ಸತ್ತರು. 2018ರಿಂದ ನಡೆದ ಉತ್ಖನನದಲ್ಲಿ ರಾಜಬೀದಿ ಕಾಲುವೆಯನ್ನು ದಾಟುತ್ತಿದ್ದ ಝೌ ಸೇತುವೆಯೂ, ಅದರ ಬದಿಯ ದಂಡೆಯಲ್ಲಿ ಕೊಕ್ಕರೆ, ಕಡಲಕುದುರೆ ಮತ್ತು ಮೋಡಗಳನ್ನು ಕೆತ್ತಿದ ಸೊಂಗ್ ಕಾಲದ ಎತ್ತರದ ಕಲ್ಲುಗೋಡೆಯೂ ಹೊರಬಂದಿವೆ. ನೆಲದ ಮೇಲೆ ಉಳಿದದ್ದರಲ್ಲಿ 1049ರ ಕಬ್ಬಿಣದ ಪಗೋಡ ಮುಖ್ಯ. ಹದಿಮೂರು ಅಂತಸ್ತಿನ, ಸುಮಾರು 56 ಮೀಟರ್ ಎತ್ತರದ ಈ ಗೋಪುರದಲ್ಲಿ ಕಬ್ಬಿಣವಿಲ್ಲ, ಕಂದು ಬಣ್ಣದ ಮೆರುಗು ಹಚ್ಚಿದ ಇಟ್ಟಿಗೆಗಳು ದೂರಕ್ಕೆ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಒಂದೊಂದು ಇಟ್ಟಿಗೆಯ ಮೇಲೂ ಗಂಧರ್ವರು, ಸಿಂಹ, ಹೂಬಳ್ಳಿ. ಗೋಪುರದ ಬುಡ ಮಾತ್ರ ಹೂಳಿನೊಳಗೆ.

ಕೈಫೆಂಗ್‌ನಿಂದ ಝೆಂಗ್‌ಝೌಗೆ ಹಿಂದಿರುಗಿ ಬೀಜಿಂಗ್ ಕಡೆಯ ರೈಲು ಹತ್ತಿದರೆ ದಾರಿಯಲ್ಲಿ ಅನ್ಯಾಂಗ್ ಸಿಗುತ್ತದೆ. ಕಾಲಾನುಕ್ರಮದಲ್ಲಿ ಮೊದಲು ನೋಡಬೇಕಾದ ಈ ಊರು ಭೂಗೋಳದ ಕಾರಣಕ್ಕೆ ಕೊನೆಯ ಹೊತ್ತಿಗೆ ಬರುತ್ತದೆ. ಕ್ರಿ.ಪೂ. ಹದಿಮೂರನೆಯ ಶತಮಾನದಿಂದ ಶಾಂಗ್ ವಂಶದ ಕೊನೆಯ ರಾಜಧಾನಿಯಾಗಿದ್ದ ಯಿನ್‌ಷು ಇದೇ. 1899ರಲ್ಲಿ ವಾಂಗ್ ಯಿರೊಂಗ್ ಎಂಬ ವಿದ್ವಾಂಸ, ಔಷಧಿ ಅಂಗಡಿಗಳಲ್ಲಿ ಡ್ರ್ಯಾಗನ್ ಎಲುಬೆಂದು ಪುಡಿ ಮಾಡಿ ಮಾರುತ್ತಿದ್ದ ತುಣುಕುಗಳ ಮೇಲೆ ಪ್ರಾಚೀನ ಅಕ್ಷರಗಳಿರುವುದನ್ನು ಗುರುತಿಸಿದ. ಆ ತುಣುಕುಗಳ ಮೂಲವನ್ನು ಹುಡುಕುತ್ತ ಬಂದ ಸಂಶೋಧಕರು 1928ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದರು. ಎತ್ತಿನ ಹೆಗಲೆಲುಬು ಮತ್ತು ಆಮೆಯ ಚಿಪ್ಪನ್ನು ಕಾಯಿಸಿ, ಮೂಡಿದ ಬಿರುಕಿನಿಂದ ಶಕುನ ಓದಿ, ಪ್ರಶ್ನೆಯನ್ನು ಅದರ ಮೇಲೆಯೇ ಕೆತ್ತುವ ಪದ್ಧತಿ ಅದು: ಮಳೆ ಬರುವುದೇ, ದೊರೆಯ ಹಲ್ಲುನೋವಿಗೆ ಯಾವ ಪಿತೃ ಕಾರಣ, ರಾಣಿಯ ಹೆರಿಗೆ ಸುಖವಾಗುವುದೇ. ಆ ಪ್ರಶ್ನೆಗಳಲ್ಲಿ ಹೆಸರು ಬರುವ, ಸೈನ್ಯ ನಡೆಸಿದ ರಾಣಿ ಫು ಹಾವ್‌ಳ ಕೊಳ್ಳೆಯಾಗದ ಗೋರಿ 1976ರಲ್ಲಿ ಇಲ್ಲೇ ಸಿಕ್ಕಿತು. 2024ರಲ್ಲಿ ತೆರೆದ ಹೊಸ ಸಂಗ್ರಹಾಲಯ ಇದೆಲ್ಲವನ್ನೂ ಚೆನ್ನಾಗಿ ಜೋಡಿಸಿದೆ. ನರಬಲಿಯ ಗುಂಡಿಗಳನ್ನು ಮಾತ್ರ ಮಕ್ಕಳೊಂದಿಗೆ ಹೋಗುವವರು ಯೋಚಿಸಿ ನೋಡಬೇಕು.

ಬೀಜಿಂಗ್ ಬಗ್ಗೆ ಬರೆದವರು ಬಹಳ, ಇಲ್ಲಿ ಎರಡು ಮಾತು ಸಾಕು. ಮಿಂಗ್ ಚಕ್ರವರ್ತಿ ಯೊಂಗ್‌ಲೆ 1406ರಿಂದ 1420ರವರೆಗೆ ಕಟ್ಟಿಸಿ 1421ರಲ್ಲಿ ರಾಜಧಾನಿ ಮಾಡಿಕೊಂಡ ಈ ನಗರ ಉತ್ತರದ ಗಡಿಯನ್ನು ಕಾಯಲು ಆಯ್ದ ಜಾಗ, ಅನ್ನಕ್ಕೆ ಅದೂ ಮಹಾಕಾಲುವೆಯನ್ನೇ ನಂಬಿತ್ತು. 1409ರ ಸರ್ಕಾರಿ ಉಗ್ರಾಣಗಳ ದಪ್ಪ ಗೋಡೆಯ ಸಾಲು ನಾನ್‌ಷಿನ್‌ಚಾಂಗ್ ಎಂಬಲ್ಲಿ ಈಗಲೂ ನಿಂತಿದೆ. ಮರದ ರಾಜಧಾನಿ ಹೇಗಿರುತ್ತಿತ್ತೆಂಬುದು ಪೂರ್ಣವಾಗಿ ಕಾಣುವುದು ಇಲ್ಲಿನ ನಿಷಿದ್ಧ ನಗರದಲ್ಲಿ ಮಾತ್ರ. ಅಳಿದುಹೋದ ಚಾಂಗಾನ್, ಲೋಯಾಂಗ್, ಕೈಫೆಂಗ್‌ಗಳ ಅಡಿಪಾಯ ನೋಡಿ ಬಂದವರಿಗೆ ಅದರ ಕಂಬ, ಜಗತಿ, ಅಂಗಳಗಳ ಕ್ರಮ ಬೇರೆಯೇ ಅರ್ಥ ಕೊಡುತ್ತದೆ. ಮಹಾಗೋಡೆಗೆ ಬಾದಾಲಿಂಗ್‌ಗಿಂತ ಮುತಿಯಾನ್‌ಯು ವಾಸಿ, ಜನಜಂಗುಳಿ ಕಡಿಮೆ.

ಇನ್ನು ಸಿದ್ಧತೆಯ ವಿಷಯ. ಭಾರತೀಯರು ಮೊದಲೇ ವೀಸಾ ಪಡೆದಿರಬೇಕು. ಐದು ವರ್ಷಗಳ ಬಿಡುವಿನ ನಂತರ 2025ರ ಅಕ್ಟೋಬರ್‌ನಲ್ಲಿ ಎರಡು ದೇಶಗಳ ನಡುವೆ ನೇರ ವಿಮಾನ ಸಂಚಾರ ಮತ್ತೆ ಆರಂಭವಾಯಿತು. ಬ್ಯಾಂಕಾಕ್, ಸಿಂಗಪುರ, ಹಾಂಗ್‌ಕಾಂಗ್‌ಗಳ ಮೂಲಕ ಹೋಗುವ ದಾರಿಯೂ ಇದೆ. ಷಿಯಾನ್‌ನಲ್ಲಿ ಇಳಿದು ಬೀಜಿಂಗ್‌ನಿಂದ ಮರಳುವಂತೆ ಟಿಕೆಟ್ ಕೊಂಡರೆ ಒಂದು ದಿನ ಉಳಿಯುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್‌ನ ಉತ್ತರಾರ್ಧ ಒಳ್ಳೆಯ ಕಾಲ, ಏಪ್ರಿಲ್‌ನಲ್ಲಿ ಲೋಯಾಂಗ್‌ನ ಪಿಯೊನಿ ಹೂಗಳ ಜೊತೆ ಹೋಟೆಲ್ ದರವೂ ಅರಳಿರುತ್ತದೆ. ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಮತ್ತು ಚೀನೀ ಹೊಸವರ್ಷದ ರಜೆಗಳಲ್ಲಿ ಖಂಡಿತ ಹೋಗಬಾರದು. ನಗದು ಹಿಡಿದು ಅಂಗಡಿಗೆ ಹೋದರೆ ಚಿಲ್ಲರೆ ಸಿಗದೆ ಪರದಾಡಬೇಕಾಗುತ್ತದೆ, ಆದ್ದರಿಂದ ಅಲಿಪೇ ಅಥವಾ ವೀಚಾಟ್ ಆ್ಯಪ್‌ಗೆ ಅಂತರರಾಷ್ಟ್ರೀಯ ಕಾರ್ಡನ್ನು ಊರಿನಲ್ಲೇ ಜೋಡಿಸಿಕೊಳ್ಳಬೇಕು. ಅಲ್ಲಿನ ಸಾಮಾನ್ಯ ಇಂಟರ್‌ನೆಟ್‌ನಲ್ಲಿ ಗೂಗಲ್ ಮತ್ತು ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ಸಸ್ಯಾಹಾರಿಗಳು ಮಾಂಸ, ಮೀನು, ಮೊಟ್ಟೆ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು. ಷಿಯಾನ್‌ನ ಲಿಯಾಂಗ್‌ಪಿ, ಅಂದರೆ ವಿನೆಗರ್ ಮತ್ತು ಮೆಣಸಿನೆಣ್ಣೆ ಕಲಸಿದ ತಣ್ಣನೆಯ ನೂಡಲ್ಸ್, ಸಾಮಾನ್ಯವಾಗಿ ಸಸ್ಯಾಹಾರವೇ. ದೊಡ್ಡ ಬೌದ್ಧ ವಿಹಾರಗಳ ಭೋಜನಶಾಲೆಗಳಲ್ಲೂ ಮಾಂಸವಿಲ್ಲದ ಊಟ ಸಿಗುತ್ತದೆ.

ರೈಲಿನ ಟಿಕೆಟನ್ನು ಎರಡು ವಾರ ಮುಂಚಿನಿಂದ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕೊಳ್ಳಬಹುದು. ಅದು ತಪ್ಪಿದರೆ ಮುಂದಿನ ರೈಲು ಇದ್ದೇ ಇರುತ್ತದೆ. ಹಾಗೆ ಎರಡನೆಯ ಅವಕಾಶ ಸಿಗದಿರುವುದು ನಿಷಿದ್ಧ ನಗರ ಮತ್ತು ಶಾನ್‌ಷಿ ಇತಿಹಾಸ ಸಂಗ್ರಹಾಲಯಗಳ ಪ್ರವೇಶಕ್ಕೆ. ನಿಷಿದ್ಧ ನಗರದ ಟಿಕೆಟ್ ಏಳು ದಿನ ಮೊದಲು ಆನ್‌ಲೈನ್‌ನಲ್ಲಿ ಬಿಡುಗಡೆಯಾಗಿ ರಜೆಯ ಕಾಲದಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ, ಬಾಗಿಲಿನಲ್ಲಿ ಮಾರುವುದಿಲ್ಲ; ಶಾನ್‌ಷಿ ಸಂಗ್ರಹಾಲಯಕ್ಕೂ ಮುಂಗಡ ನೋಂದಣಿ ಕಡ್ಡಾಯ. ಆದ್ದರಿಂದ ಈ ಎರಡರ ದಿನಾಂಕವನ್ನು ಮೊದಲು ಗಟ್ಟಿ ಮಾಡಿಕೊಂಡು ಉಳಿದ ಊರುಗಳ ದಿನಗಳನ್ನು ಅದಕ್ಕೆ ಹೊಂದಿಸಬೇಕು. ಸಾರ್ವಜನಿಕ ರಜೆಯ ದಿನಗಳನ್ನು ಬಿಟ್ಟರೆ ಎರಡೂ ಸೋಮವಾರ ಮುಚ್ಚಿರುತ್ತವೆ, ಲಾಂಗ್‌ಮೆನ್ ಗುಹೆಗಳಿಗೆ ಆ ವಾರದ ರಜೆ ಇಲ್ಲ. ಸೋಮವಾರ ಲೋಯಾಂಗ್‌ನಲ್ಲಿರುವಂತೆ ನೋಡಿಕೊಂಡರೆ ಮಿಕ್ಕ ದಿನಚರಿ ತಾನಾಗಿಯೇ ಕೂಡಿಬರುತ್ತದೆ.